ಪೆನ್ಷನ್ ಬೇಕು, ಯೂನಿಯನ್ ಬೇಡ

ಮೊನ್ನೆ ಮಂಗಳೂರಿನ ಉರ್ವದ ಕಡೆ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಎದುರು ಪಂಕ್ತಿಯಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು "ಈ ಕಾಲದಲ್ಲಿ ಯೂನಿಯನ್ ಯಾಕೆ ಮಾರಾಯ್ರೆ? ಕೆಲಸ ಗೊತ್ತಿದ್ದವನಿಗೆ ಸಂಬಳ ತಾನಾಗಿ ಬರುತ್ತದೆ" ಎಂದು ಅಪ್ಪಣೆ ಕೊಡಿಸಿದರು. ಅಕ್ಕಪಕ್ಕದ ನಾಲ್ಕೈದು ಮಂದಿ, ಎಲ್ಲರೂ ಪೆನ್ಷನ್‌ದಾರರೇ, ತಲೆಯಾಡಿಸಿದರು. ಹೋಳಿಗೆ ಬಡಿಸುವ ಹೊತ್ತಿನಲ್ಲಿ ಜಗಳ ಬೇಡವೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಇಲ್ಲಿ ಆ ಹಂಗಿಲ್ಲ.

ಸಂಬಳ, ಸೌಲಭ್ಯಗಳ ಬಗ್ಗೆ ಬ್ಯಾಂಕ್ ನೌಕರರ ಯೂನಿಯನ್‌ಗಳಿಗೂ ಆಡಳಿತ ಮಂಡಳಿಗಳಿಗೂ ನಡುವೆ ಮೊದಲ ದ್ವಿಪಕ್ಷೀಯ ಒಪ್ಪಂದವಾದದ್ದು 1966ರಲ್ಲಿ. ಪೆನ್ಷನ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1993ರಲ್ಲಿ, ನಿಯಮಾವಳಿ ಬಂದದ್ದು 1995ರಲ್ಲಿ. ಆಗ ಪೆನ್ಷನ್ ಬೇಡವೆಂದು ಪಿ.ಎಫ್. ಆರಿಸಿಕೊಂಡವರು ಆಮೇಲೆ ಕೈಕೈ ಹಿಸುಕಿಕೊಳ್ಳುತ್ತಿದ್ದಾಗ, 2010ರಲ್ಲಿ ಅವರಿಗೆ ಎರಡನೆಯ ಅವಕಾಶ ಕೊಡಿಸಿದ್ದೂ ಇದೇ ಯೂನಿಯನ್‌ಗಳು. ಆ ವರ್ಷ ಅರ್ಜಿ ಹಿಡಿದುಕೊಂಡು ಓಡಿದವರಲ್ಲಿ ಹೋಳಿಗೆಯ ಮಹನೀಯರೂ ಒಬ್ಬರು. ಯಾವ ಆಡಳಿತ ಮಂಡಳಿಯೂ ಅದನ್ನು ಅವರ ಮನೆ ಬಾಗಿಲಿಗೆ ತಂದುಕೊಟ್ಟದ್ದಲ್ಲ. ತಿಂಗಳ ಮೊದಲ ವಾರ ಖಾತೆಗೆ ಹಣ ಬೀಳುವಾಗ ಸುಮ್ಮನಿರುವವರು ಉಳಿದವರ ಯೂನಿಯನ್ ವಿಷಯ ಬಂದಾಗ ಮಾತ್ರ ಅರ್ಥಶಾಸ್ತ್ರಜ್ಞರಾಗುವುದು ನನಗೆ ಸಹಿಸಲಾಗದ ಸಂಗತಿ.

ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಸಾಕಿದವರೆಂಬುದು ಇಲ್ಲಿ ಹೆಚ್ಚಿನವರಿಗೆ ಗೊತ್ತು. ಸಂಜೆ ಅವರೊಂದಿಗೆ, ಕಟ್ಟಿದ ಬೀಡಿ ಒಪ್ಪಿಸುವ ಬೀಡಿ ಬ್ರಾಂಚಿಗೆ ಹೋಗುತ್ತಿದ್ದೆ. ಅಲ್ಲಿ ಕುಳಿತವನು ಕಟ್ಟುಗಳನ್ನು ಬೆರಳಿನಲ್ಲಿ ಒತ್ತಿ ನೋಡಿ, "ಇದು ಸಡಿಲ, ಇದರ ಬಾಯಿ ಸರಿ ಮಡಚಿಲ್ಲ" ಎನ್ನುತ್ತ ಬದಿಗೆ ಎಸೆಯುತ್ತಿದ್ದ. ಎಸೆದದ್ದಕ್ಕೆ ಮಜೂರಿಯಿಲ್ಲ, ಎಸೆದ ಬೀಡಿ ವಾಪಸೂ ಇಲ್ಲ. ಅವರು ಕೊಟ್ಟ ಎಲೆ ಕಡಿಮೆ ಬಿದ್ದರೆ ಅದರ ದುಡ್ಡೂ ಅಮ್ಮನ ಲೆಕ್ಕಕ್ಕೇ. ಬೀಡಿ ಕಾರ್ಮಿಕರಿಗೆಂದು ಕಾಯ್ದೆ ಬಂದದ್ದು 1966ರಲ್ಲಿ. ಮಾಲೀಕರು ಅದನ್ನು ಸುಪ್ರೀಂ ಕೋರ್ಟಿನವರೆಗೂ ಎಳೆದರು, 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಪಿ.ಎಫ್. ಅನ್ವಯಿಸಿದಾಗ, ಮನೆಯಲ್ಲಿ ಕುಳಿತು ಕಟ್ಟುವ ಹೆಂಗಸರು ನಮ್ಮ ನೌಕರರೇ ಅಲ್ಲವೆಂದು ಮತ್ತೆ ತಕರಾರು; ಅದು ತೀರಲು 1985 ಆಯಿತು. ತೊಡೆಯ ಮೇಲೆ ಮೊರ ಇಟ್ಟುಕೊಂಡು ಎಲೆ ಕತ್ತರಿಸುತ್ತಿದ್ದ ಒಬ್ಬ ಹೆಂಗಸು ಒಂಟಿಯಾಗಿ ಇಷ್ಟನ್ನೆಲ್ಲ ಗೆಲ್ಲಬಹುದಿತ್ತೆಂದು ಹೇಳುವ ಧೈರ್ಯವಿದ್ದವರು ಕೈಯೆತ್ತಲಿ.

ಯೂನಿಯನ್‌ಗಳು ಪಕ್ಷಗಳ ಬಾಲವಾಗಿವೆ, ಚಂದಾ ಎತ್ತುವ ನಾಯಕರು ಕೊಬ್ಬಿದ್ದಾರೆ ಎಂಬ ಮಾತಿದೆ. ಇರಬಹುದು, ಅಂಥವರನ್ನು ನಾನೂ ಹತ್ತಿರದಿಂದ ಕಂಡಿದ್ದೇನೆ. ಸೊಸೈಟಿಯ ಅಧ್ಯಕ್ಷ ದುಡ್ಡು ತಿಂದನೆಂದು ಸಹಕಾರ ಸಂಘಗಳೇ ಬೇಡವೆಂದು ದಕ್ಷಿಣ ಕನ್ನಡದಲ್ಲಿ ಯಾರೂ ಹೇಳಿದ್ದನ್ನು ಮಾತ್ರ ನಾನು ಕೇಳಿಲ್ಲ. ಇನ್ನು ಹಂಚಿನ ಕಾರ್ಖಾನೆಗಳನ್ನು ಕೆಂಪು ಬಾವುಟ ಮುಚ್ಚಿಸಿತೆಂಬುದು ಮಂಗಳೂರಿನವರಿಗೆ ಬಲು ಪ್ರಿಯವಾದ ಪುರಾಣ. ಆವೆಮಣ್ಣಿಗೆ ಬರ ಬಂದದ್ದು, ಸೌದೆ ದುಬಾರಿಯಾದದ್ದು, ಇದೇ ಪುರಾಣಿಕರು ಹಂಚಿನ ಮಾಡು ಕೆಡವಿ ಟೆರೇಸು ಹಾಕಿಸಿಕೊಂಡದ್ದು ಆ ಕಥೆಯಲ್ಲಿ ಬರುವುದೇ ಇಲ್ಲ.

ಅದೇ ಮದುವೆಗೆ ಸೀರೆ ಕೊಳ್ಳಲು ಹಂಪನಕಟ್ಟೆಯ ಒಂದು ಅಂಗಡಿಗೆ ಹೋಗಿದ್ದೆವು. ನಮಗೆ ಮೂವತ್ತು ಸೀರೆ ಬಿಡಿಸಿ ತೋರಿಸಿದ ಹುಡುಗಿ ಕಪಾಟಿಗೆ ಒಂದು ಗಳಿಗೆ ಬೆನ್ನು ಒರಗಿಸಿದ್ದಕ್ಕೆ, ಮೇಲ್ವಿಚಾರಕ ದೂರದಿಂದಲೇ ಚಿಟಿಕೆ ಹೊಡೆದ. ಅವಳು ನೆಟ್ಟಗಾದಳು. ಕೇರಳದಲ್ಲಿ ಜವಳಿ ಅಂಗಡಿಯ ಹೆಂಗಸರು ಒಟ್ಟಾಗಿ ಹೋರಾಡಿದ ಮೇಲೆ, 2018ರಲ್ಲಿ ಕುಳಿತುಕೊಳ್ಳುವ ಹಕ್ಕು ಕಾನೂನಾಯಿತು. ತಲಪಾಡಿ ದಾಟಿದರೆ ಕೇರಳ. ಕೆಲಸ ಗೊತ್ತಿದ್ದವನಿಗೆ ಎಲ್ಲವೂ ತಾನಾಗಿ ಬರುವುದಾದರೆ, ಈ ಹುಡುಗಿಗೆ ಒಂದು ಸ್ಟೂಲ್ ಯಾಕೆ ಬಂದಿಲ್ಲ?

ಈಗ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು (ಲೇಬರ್ ಕೋಡ್) ಜಾರಿಗೆ ಬಂದಿವೆ. 100 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಯನ್ನು ಮುಚ್ಚಲು ಸರಕಾರದ ಪೂರ್ವಾನುಮತಿ ಬೇಕಿತ್ತು. ಆ ಗೆರೆ 300ಕ್ಕೆ ಏರಿದೆ. ಮುಷ್ಕರ ಹೂಡಬೇಕಾದರೆ ಎಲ್ಲ ಕೈಗಾರಿಕೆಗಳಲ್ಲೂ 14 ದಿನ ಮೊದಲೇ ನೋಟಿಸು ಕೊಡಬೇಕು. ರಕ್ಷಣೆ ಸಡಿಲವಾಗುತ್ತಿರುವ ಹೊತ್ತಿಗೆ ಸರಿಯಾಗಿ ಯೂನಿಯನ್ ಹಳೆಯ ಕಾಲದ್ದೆಂದು ನಮ್ಮವರಿಗೆ ಹೊಳೆದದ್ದು ಎಂಥ ಕಾಕತಾಳೀಯ!

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರಿಗೂ, ಅಂದರೆ ಆ್ಯಪ್‌ಗಳ ಮೂಲಕ ದುಡಿಯುವವರಿಗೂ, ಕಾಯ್ದೆಯಾಗಿದೆ: ಲಿಖಿತ ಕಾರಣವಿಲ್ಲದೆ, 14 ದಿನಗಳ ನೋಟಿಸಿಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ಇದೂ ಬೆಂಗಳೂರಿನ ಡೆಲಿವರಿ, ಕ್ಯಾಬ್ ಹುಡುಗರು ಸಂಘ ಕಟ್ಟಿ ವರ್ಷಗಟ್ಟಲೆ ಕೇಳಿದ್ದರಿಂದ ಸಿಕ್ಕಿದ್ದು. ಕದ್ರಿಯಲ್ಲಿ ನಮ್ಮ ಫ್ಲ್ಯಾಟಿಗೆ ಊಟ ತರುವ ಹುಡುಗನಿಗೆ ಈ ಕಾಯ್ದೆಯ ಬಗ್ಗೆ ಹೇಳಿದರೆ, "ಖಾತೆ ಬಂದ್ ಮಾಡಿದರೆ ಯಾರಿಗೆ ಹೇಳುವುದು ಸರ್? ಆ್ಯಪ್‌ನಲ್ಲಿ ಫೋನ್ ಎತ್ತುವವರೇ ಇಲ್ಲ" ಎಂದ. ಹೇಳಿಕೊಳ್ಳಲು ಬ್ಯಾಂಕಿನವರಾದ ನಮಗೊಂದು ಯೂನಿಯನ್ ಕಚೇರಿಯಿತ್ತು. ಅಲ್ಲಿ ಕುಳಿತು ಚಹಾ ಕುಡಿದವರಲ್ಲಿ ಆ ನಿವೃತ್ತ ಅಧಿಕಾರಿಯೂ ಇದ್ದರು. ಅವರನ್ನು ಈ ಪೋಸ್ಟಿಗೆ ಟ್ಯಾಗ್ ಮಾಡಿಲ್ಲ. ಓದಿದರೆ ತಾವೇ ಎಂದು ಅವರಿಗೆ ತಿಳಿಯುತ್ತದೆ.