ಇಲಿಯ ಸಹಿ ಟ್ಯಾಲಿ ಆಯ್ತು

ನಮ್ಮ ಕಾಕಾ ಅಮೆರಿಕಾದಿಂದ ವಿಜಯಪುರಕ್ಕೆ ವಾಪಸ್ ಬಂದು ಮೂರು ದಿನಕ್ಕೇ ಫೋನ್ ಮಾಡಿದರು. "ಸಂಜೀಕ ಮನೀಗೆ ಬಾ. ಒಂದು ಭಾರಿ ವಸ್ತು ತೋರಸ್ತೀನಿ. ಫೋನಿನ್ಯಾಗ ಹೇಳೂ ಹಂಗಿಲ್ಲ."

ಫೋನಿನಲ್ಲಿ ಹೇಳಬಾರದಂಥ ವಸ್ತು ಅಂದರೆ ಬಂಗಾರ ಇರಬೇಕು. ಇಲ್ಲಾಂದ್ರೆ ಬಾಟಲಿ. ಎರಡರಲ್ಲಿ ಯಾವುದಾದರೂ ನನ್ನ ಅಡ್ಡಿ ಇಲ್ಲ ಅಂದುಕೊಂಡು ಸೊಲ್ಲಾಪುರ ರಸ್ತೆಯ ಅವರ ಮನೆಗೆ ಹೋದೆ.

ಕಾಕಾ ತಿಜೋರಿ ತೆಗೆದರು. ಎಫ್‌ಡಿ ರಸೀದಿಗಳನ್ನು ಸರಿಸಿದರು. ಮನೆಯ ಖರೀದಿ ಪತ್ರ ಸರಿಸಿದರು. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ, ಆ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಮಕ್ಕಳ ಡ್ರಾಯಿಂಗ್ ಪುಸ್ತಕದ ಥರ ಒಂದು ಪುಸ್ತಕ. "ಕೈ ತೊಳ್ಕೊಂಡು ಬಾ" ಅಂದರು. ತೊಳೆದುಕೊಂಡು ಬಂದೆ. ಮೊದಲ ಪುಟ ತೆಗೆದರು.

ಕರಿ ಸ್ಕೆಚ್ ಪೆನ್ನಿನಲ್ಲಿ ಪುಟದ ತುಂಬಾ ದುಂಡಗೆ ಒಂದು ಸಹಿ. ಮಿಕ್ಕಿ ಮೌಸ್.

"ಒರಿಜಿನಲ್" ಅಂದರು ಕಾಕಾ. ದನಿ ಸ್ವಲ್ಪ ನಡುಗಿತು.

ಇವರು 34 ವರ್ಷ ಬ್ಯಾಂಕಿನಲ್ಲಿ ದುಡಿದು ಮ್ಯಾನೇಜರ್ ಆಗಿ ರಿಟೈರ್ ಆದ ಮನುಷ್ಯ. ಈಗ 68 ವರ್ಷ. ಬಿಪಿ ಗುಳಿಗೆ ಇದೆ, ಮೊಣಕಾಲು ನೋವಿದೆ. ಓಣಿಯ ಕಿರಾಣಿ ಅಂಗಡಿಯಲ್ಲಿ ಇಬ್ಬರು ಗಿರಾಕಿ ನಿಂತಿದ್ದರೆ "ಆಮ್ಯಾಲೆ ಬರ್ತೀನಿ" ಅಂತ ತಿರುಗಿ ಬರುವವರು. ಇಂಥವರು ಫ್ಲೋರಿಡಾದ ಒರ್ಲಾಂಡೊದಲ್ಲಿ, ಡಿಸ್ನಿ ಪಾರ್ಕಿನ ಬಿಸಿಲಿನಲ್ಲಿ, ಕಾರ್ಟೂನ್ ವೇಷದ ಒಂದು ಇಲಿಯ ಸಹಿಗಾಗಿ 50 ನಿಮಿಷ ಪಾಳಿ ನಿಂತಿದ್ದಾರೆ. ಇಲಿ ಆದ ಮೇಲೆ ಬಾತುಕೋಳಿ. ಬಾತುಕೋಳಿ ಆದ ಮೇಲೆ ನಾಯಿ. ನಾಯಿ ಎರಡಿವೆ. ಒಂದಕ್ಕೆ ಪ್ಯಾಂಟು ಇದೆ, ಇನ್ನೊಂದಕ್ಕೆ ಇಲ್ಲ. ಪ್ಯಾಂಟಿನ ನಾಯಿ ಇಲಿಯ ಗೆಳೆಯ. ಪ್ಯಾಂಟಿಲ್ಲದ್ದು ಇಲಿ ಸಾಕಿದ ನಾಯಿ. ಬಾತುಕೋಳಿಗೆ ಅಂಗಿ ಇದೆ, ಪ್ಯಾಂಟು ಇಲ್ಲ, ಆದರೂ ಅದನ್ನು ಯಾರೂ ಸಾಕಿಲ್ಲ. ಇದನ್ನೆಲ್ಲಾ ಕಾಕಾ ನನಗೆ ಸಾಲದ ನಿಯಮ ವಿವರಿಸುವ ಹಾಗೆ ಬಿಡಿಸಿ ಹೇಳಿದರು. ಕಾಕು ಒಳಗಿನಿಂದ ಚಹಾ ತಂದಿಟ್ಟು, ನನ್ನ ಮುಖ ನೋಡಿ, ಏನೂ ಮಾತಾಡದೆ ಹೋದರು.

"ಮೊಮ್ಮಗಳ ಸಲುವಾಗಿ ತಗೊಂಡ್ರ್ಯಾ?" ಅಂತ ಕೇಳಿದೆ. ತಪ್ಪಿಸಿಕೊಳ್ಳೋಕೆ ಒಂದು ದಾರಿ ಕೊಡೋಣ ಅಂತ.

"ಹೂಂ ಹೂಂ, ಆಕೀ ಸಲುವಾಗೇ" ಅಂದರು. ಹಾಗಿದ್ದರೆ ಪುಸ್ತಕ ಅಮೆರಿಕಾದಲ್ಲಿ ಮೊಮ್ಮಗಳ ಹತ್ತಿರ ಇರಬೇಕಿತ್ತು, ಅಲ್ವಾ? ಸೊಲ್ಲಾಪುರ ರಸ್ತೆಯ ತಿಜೋರಿಯಲ್ಲಿ ಯಾಕಿದೆ? ಕಾಕು ಆಮೇಲೆ ಅಡುಗೆಮನೆಯಲ್ಲಿ ನನಗೆ ನಿಜ ಹೇಳಿದರು. ಒಂಬತ್ತು ವರ್ಷದ ಮೊಮ್ಮಗಳು ಪಾಳಿಯಲ್ಲಿ ನಿಂತು ನಿಂತು ಬೇಸತ್ತು, "ಅಜ್ಜಾ, ಅದರೊಳಗೆ ಮನುಷ್ಯ ಇದ್ದಾನೆ, ಹೋಗೋಣ ಬಾ" ಅಂದಳಂತೆ. ಕಾಕಾ ಸುತ್ತ ನೋಡಿ, ಬಾಯಿ ಮೇಲೆ ಬೆರಳಿಟ್ಟು, "ಹಂಗ ಅನಬಾರದವ್ವ" ಅಂದರಂತೆ.

ಕಾಕಾ ಒಬ್ಬರೇ ಅಲ್ಲ. ಆ ಪಾಳಿಯಲ್ಲಿ ಮಕ್ಕಳಿಲ್ಲದೆ ಬಂದ ದೊಡ್ಡವರು ಬೇಕಾದಷ್ಟಿದ್ದರಂತೆ. ಕೊರಳಿಗೆ ಪೆನ್ನು ಕಟ್ಟಿಕೊಂಡವರು, ಯಾವ ಸಹಿ ಆಯ್ತು ಯಾವುದು ಬಾಕಿ ಅಂತ ಪಟ್ಟಿ ಮಾಡಿಕೊಂಡವರು. ಅನುಭವಸ್ಥರು ಕಾಕಾಗೆ ಒಂದು ಗುಟ್ಟು ಹೇಳಿಕೊಟ್ಟರು: ಸಣ್ಣ ಬಾಲ್ ಪೆನ್ನು ತರಬೇಡಿ, ದಪ್ಪ ಪೆನ್ನು ತನ್ನಿ. ಇಲಿಯ ಕೈಗವಸಿಗೆ ನಾಲ್ಕೇ ಬೆರಳು, ಅದೂ ಬಾಳೆಹಣ್ಣಿನಷ್ಟು ದಪ್ಪ. ಸಣ್ಣ ಪೆನ್ನು ಜಾರುತ್ತದೆ. ಸಹಿ ಪುಸ್ತಕವನ್ನು ಪಾರ್ಕಿನ ಅಂಗಡಿಯಲ್ಲೇ ಮಾರುತ್ತಾರೆ. ಕೊರೊನಾ ಕಾಲದಲ್ಲಿ ಹತ್ತಿರ ಬರಬೇಡಿ ಅಂತ ಈ ಸಹಿ, ಅಪ್ಪುಗೆ ಎಲ್ಲಾ ಬಂದ್ ಆಗಿತ್ತು. 2022ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾದಾಗ ದೊಡ್ಡ ದೊಡ್ಡವರು ಇಲಿಯನ್ನು ತಬ್ಬಿಕೊಂಡು ಕಣ್ಣೀರು ಹಾಕಿದ್ದುಂಟು.

ಆದರೆ ಕಾಕಾನ ಹುಚ್ಚು ಬೇರೆ ಜಾತಿಯದು. ಅದು ಎರಡನೇ ಪುಟ ತೆಗೆದಾಗ ಗೊತ್ತಾಯಿತು. ಅಲ್ಲಿ ಇನ್ನೊಂದು ಮಿಕ್ಕಿ ಸಹಿ ಅಂಟಿಸಿದ್ದರು. ಹಿಂದೆ ಹಾಂಗ್‌ಕಾಂಗ್ ಟೂರಿಗೆ ಹೋದಾಗ ತಂದದ್ದು. ಪಕ್ಕದಲ್ಲೇ ಭೂತಗನ್ನಡಿ ಇತ್ತು.

"ನೋಡು. ಇದು ಹಾಂಗ್‌ಕಾಂಗಿಂದು. ಇದು ಫ್ಲೋರಿಡಾದ್ದು. ಎಮ್ಮಿನ ಸುತ್ತು ನೋಡು. ಕಡೀ ಅಕ್ಷರದ ಬಾಲ ನೋಡು. ಟ್ಯಾಲಿ ಆಗ್ತಾವೋ ಇಲ್ಲೋ?"

ಆಗ್ತಿದ್ದವು. ನಿಜವಾಗಲೂ ಆಗ್ತಿದ್ದವು.

"34 ವರ್ಷ ನಾ ಸಹಿ ನೋಡೇನಿ. ಒಬ್ಬ ಮನಶ್ಯಾ ಮುಂಜಾನೆ ಮಾಡಿದ ಸಹಿ ಸಂಜೀಕ ಮಾಡಂಗಿಲ್ಲ. ಸಹಿ ಹೊಂದವಲ್ದು ಅಂತ ಎಷ್ಟು ಚೆಕ್ ವಾಪಸ್ ಕಳಿಸೇನಿ! ಇಲ್ಲಿ ನೋಡು, ದೇಶ ಬ್ಯಾರೆ, ಒಳಗಿದ್ದ ಮನಶ್ಯಾ ಬ್ಯಾರೆ, ಸಹಿ ಒಂದ!"

ಇದು ಪವಾಡ ಅಲ್ಲ, ಟ್ರೇನಿಂಗು. ವೇಷದೊಳಗೆ ಯಾರೇ ಇರಲಿ, ಆ ಪಾತ್ರದ ಸಹಿಯನ್ನು ಒಂದೇ ಥರ ಮಾಡುವುದನ್ನು ಮೊದಲೇ ಕಲಿಸಿರುತ್ತಾರೆ. ಬೆಳಗಿನ ಇಲಿ ಊಟಕ್ಕೆ ಹೋದರೆ ಮಧ್ಯಾಹ್ನದ ಇಲಿ ಬರುತ್ತದೆ, ಸಹಿ ಮಾತ್ರ ಅದೇ. 1928ರಲ್ಲಿ ಸಿನಿಮಾಕ್ಕೆ ಬಂದ ಇಲಿ ಇದು. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಾರ್ಕು ತೆಗೆದರು, 1971ರಲ್ಲಿ ಫ್ಲೋರಿಡಾದಲ್ಲಿ. ಆಮೇಲೆ 1983ರಲ್ಲಿ ಟೋಕಿಯೊ, 1992ರಲ್ಲಿ ಪ್ಯಾರಿಸ್, 2005ರಲ್ಲಿ ಹಾಂಗ್‌ಕಾಂಗ್, 2016ರಲ್ಲಿ ಶಾಂಘೈ. ಕಾಕಾ ಬೆರಳು ಮಡಚಿ ಎಣಿಸಿ, "ಆರು ಬ್ರಾಂಚ್" ಅಂದರು. ಉಳಿದ ನಾಲ್ಕು ಬ್ರಾಂಚಿನ ಸಹಿ ತರಿಸಿ ನೋಡುವ ಆಸೆ ಅವರಿಗೆ ಇದೆ. ಟೋಕಿಯೊ ಟಿಕೆಟ್ ದರ ವಿಚಾರಿಸಿದ್ದಾರೆ ಅಂತ ಕಾಕುಗೆ ಇನ್ನೂ ಗೊತ್ತಿಲ್ಲ.

ನಗಬೇಕು ಅಂತಲೇ ನಾನು ಬಾಯಿ ತೆಗೆದದ್ದು. ಆದರೆ ಕಾಕಾ ಕೇಳಿದರು, "ನಿನ್ನ ಉತಾರದ ಕೆಲಸ ಏನಾತು?"

ಬಾಯಿ ಮುಚ್ಚಿದೆ.

ಅಪ್ಪನ ಹೆಸರಿನ ಎರಡೆಕರೆ ಹೊಲದ ಉತಾರ, ಅಂದರೆ ಪಹಣಿ, ನನ್ನ ಹೆಸರಿಗೆ ಆಗಬೇಕು. ಅದಕ್ಕೆ ಒಂದು ಸಹಿ ಬೇಕು. ಒಂದೇ ಒಂದು. ಯಾವ ಕಚೇರಿ ಅಂತ ಹೇಳುವುದಿಲ್ಲ, ನಿಮಗೂ ಅಂಥದ್ದೊಂದು ಗೊತ್ತಿರುತ್ತದೆ. ಹನ್ನೊಂದು ಸಲ ಹೋಗಿದ್ದೇನೆ. ಕುರ್ಚಿ ಇದೆ. ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ ಇದೆ. ಟವೆಲ್ಲಿಗೆ ಎಣ್ಣೆ ತಲೆಯ ಗುರುತೂ ಇದೆ. ಸಾಹೇಬರು ಮಾತ್ರ ಇಲ್ಲ. "ವಿಸಿಟ್ ಹೋಗ್ಯಾರ್ರಿ", "ಮೀಟಿಂಗ್ ಅದರಿ", "ಈಗರ ಚಹಾಕ್ಕ ಹೋದ್ರಲ್ರಿ". ಒಂದು ಸಲ ಸಾಹೇಬರು ಸಿಕ್ಕರು, ಸರ್ವರ್ ಸಿಗಲಿಲ್ಲ. ಒಂದು ಸಲ ಎರಡೂ ಸಿಕ್ಕವು, ಒಂದು ಝೆರಾಕ್ಸ್ ಕಡಿಮೆ ಬಿತ್ತು. ಝೆರಾಕ್ಸ್ ಮಾಡಿಸಿಕೊಂಡು ಓಡಿ ಬಂದೆ. ಟವೆಲ್ ಮಾತ್ರ ಇತ್ತು.

ಈಗ ಇಲಿಯನ್ನು ನೋಡಿ. ಹೇಳಿದ ಟೈಮಿಗೆ ಬರುತ್ತದೆ. ಪಕ್ಕದಲ್ಲಿ ಒಬ್ಬ ಪಟ್ಟೇವಾಲಾ ನಿಂತಿರುತ್ತಾನೆ, ಆದರೆ ಅವನು ಪಾಳಿ ನೋಡಿಕೊಳ್ಳುತ್ತಾನೆಯೇ ಹೊರತು "ನಾಳೆ ಬರ್ರಿ" ಅನ್ನುವುದಿಲ್ಲ. ಇಲಿ ಆಧಾರ್ ಕೇಳುವುದಿಲ್ಲ. ಮುಖವಾಡದ ಪಾತ್ರಗಳು ಮಾತೇ ಆಡುವುದಿಲ್ಲ, ಆದ್ದರಿಂದ ಬೈಯುವ ಪ್ರಶ್ನೆಯೂ ಇಲ್ಲ. ಸಹಿ ಮಾಡಿ, ಹೆಗಲ ಮೇಲೆ ಕೈ ಹಾಕಿ ಫೋಟೋ ಬೇರೆ ತೆಗೆಸಿಕೊಳ್ಳುತ್ತದೆ. ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸವೆದ ಮನುಷ್ಯನಿಗೆ, ಕೇಳಿದ ಕೂಡಲೇ ಎರಡೂ ಕೈ ಚಾಚಿ ಕರೆದು ಸಹಿ ಹಾಕುವ ಪ್ರಾಣಿ ಸಿಕ್ಕರೆ, ಅದು ಇಲಿಯೋ ಹೆಗ್ಗಣವೋ ಅಂತ ಯಾಕೆ ನೋಡುತ್ತಾನೆ? ಆ ಸಹಿಯಿಂದ ಹೊಲ ಹೆಸರಿಗೆ ಆಗುವುದಿಲ್ಲ. ಹನ್ನೊಂದು ಸಲ ಓಡಾಡಿದ ನನಗೂ ಇನ್ನೂ ಆಗಿಲ್ಲ.

ಈ ವ್ಯವಹಾರದಲ್ಲಿ ಶಿಸ್ತೂ ಇದೆ ಅನ್ನಿ. ಆ ಪಾರ್ಕಿನಲ್ಲಿ 14 ವರ್ಷ ದಾಟಿದವರು ಸಾಮಾನ್ಯ ದಿನಗಳಲ್ಲಿ ವೇಷ ಹಾಕಿಕೊಂಡು ಒಳಗೆ ಬರುವ ಹಾಗಿಲ್ಲ. ಪಾತ್ರದ ಥರ ಬಟ್ಟೆ ಹಾಕಿಕೊಂಡವರು ಬೇರೆಯವರಿಗೆ ಸಹಿ ಕೊಡುವ ಹಾಗಿಲ್ಲ ಅಂತಲೇ ನಿಯಮ. ಕಾಕಾಗೆ ಇದು ಬಹಳ ಹಿಡಿಸಿದೆ. "ಸಹಿ ಮಾಡೂ ಅಧಿಕಾರ ಯಾರಿಗದ ಅಂತ ಕ್ಲಿಯರ್ ಇರಬೇಕು" ಅಂದರು. ಯಾವನೋ ಕಿವಿ ಕಟ್ಟಿಕೊಂಡು ಬಂದು ಇಲಿಯ ಸಹಿ ಹಾಕಿದರೆ ಅದು ಫೋರ್ಜರಿ. ಸಂಬಳ ಪಡೆದು ಕಿವಿ ಕಟ್ಟಿಕೊಂಡವನು ಹಾಕಿದರೆ ಒರಿಜಿನಲ್.

ಅದಕ್ಕೇ ಇರಬೇಕು, ನಮ್ಮೂರಿನ ಇಲಿಗೆ ಅವರು ಕಿಮ್ಮತ್ತೇ ಕೊಡುವುದಿಲ್ಲ. ಹೋದ ಮೇ ತಿಂಗಳಲ್ಲಿ ಸಂಬಂಧಿಕರ ಮದುವೆ ಇತ್ತು. ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಬಾಡಿಗೆಗೆ ತಂದ ಮಿಕ್ಕಿ ನಿಂತಿತ್ತು. ಹೊರಗೆ 41 ಡಿಗ್ರಿ. ಒಂದು ಕಿವಿ ಕಿತ್ತು ಬಂದಿತ್ತು, ಅದನ್ನು ಟೇಪಿನಿಂದ ಸುತ್ತಿದ್ದರು. ಊಟದ ಹಾಲಿನ ಹಿಂದೆ ಹೋಗಿ ನೋಡಿದರೆ ಇಲಿಯ ತಲೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿತ್ತು. ಇಲಿಯ ಮೈ ಪಕ್ಕದ ಕುರ್ಚಿಯಲ್ಲಿ ಕೂತು ಬಶಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿತ್ತು. ಹತ್ತೊಂಬತ್ತು ವರ್ಷದ ಹುಡುಗ. ಕೂದಲಿಂದ ನೀರು ಇಳಿಯುತ್ತಿತ್ತು. ಅವನ ಹತ್ತಿರ ಯಾರಾದರೂ ಸಹಿ ಕೇಳಿದರಾ? "ಏ ಮಿಕ್ಕಿ, ಆ ಕುರ್ಚಿ ಈ ಕಡೆ ಇಡೋ" ಅಂತ ನಮ್ಮ ಕಾಕಾನೇ ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಹಾಗಂತ ನಮ್ಮೂರಲ್ಲಿ ಸಹಿಯ ಹುಚ್ಚು ಇಲ್ಲ ಅಂತಲ್ಲ. ನಮ್ಮವರಿಗೆ ಸಹಿ ಕೇಳುವುದಕ್ಕಿಂತ ಸಹಿ ಮಾಡುವುದು ಇಷ್ಟ. ಗೋಳಗುಮ್ಮಟದಲ್ಲಿ ಮಲಗಿದ ಮೊಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಅಷ್ಟು ದೊಡ್ಡ ಕಟ್ಟಡ ಕಟ್ಟಿಸಿದವನ ಹೆಸರು ಒಳಗೆ ಬಂದವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ರಾಜು ಪೂಜಾಳನ್ನು ಪ್ರೀತಿಸುತ್ತಾನೆ ಅನ್ನುವುದು ಎಲ್ಲರಿಗೂ ಗೊತ್ತು. ಮೆಟ್ಟಿಲ ಗೋಡೆಗೆ ಮೊಳೆಯಿಂದ ಕೊರೆದಿದ್ದಾನಲ್ಲ. ಇದಕ್ಕೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಹಾಕಬಹುದು ಅಂತ ಕಾಯ್ದೆ ಇದೆ. ಮೇಲಿನ ಗ್ಯಾಲರಿಯಲ್ಲಿ ನಿಂತು ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ ಅಂತಾರೆ ಗೈಡ್‌ಗಳು. ಏಳು ಸಲ ಕೇಳಿಸಿಕೊಂಡರೂ ರಾಜುಗೆ ತೃಪ್ತಿ ಇಲ್ಲ.

ಇಷ್ಟರಲ್ಲಿ ಹೊರಗೆ ಹಾರ್ಮೋನಿಯಂ ಸದ್ದು ಕೇಳಿತು. ಹಗಲುವೇಷದವರು. ನಾಲ್ಕು ದಿನದಿಂದ ಈ ಓಣಿಗಳಲ್ಲಿ ತಿರುಗುತ್ತಿದ್ದರು. ಒಂದು ದಿನ ರಾವಣ, ಒಂದು ದಿನ ಶೂರ್ಪನಖಿ. ಇವತ್ತು ಕಡೇ ದಿನ, ಮನೆ ಮನೆಗೆ ಬಂದು ದುಡ್ಡು ಕೇಳುವ ದಿನ. ಬಾಗಿಲಲ್ಲಿ ಹನುಮಂತ ನಿಂತಿದ್ದ. ಮುಖದ ಕೆಂಪು ಬಣ್ಣ ಬೆವರಿಗೆ ಇಳಿದು ಕೊರಳಲ್ಲಿ ಗೆರೆ ಹೊಡೆದಿತ್ತು. ಬಾಲಕ್ಕೆ ಒಳಗೆ ತಂತಿ ಇದ್ದಿರಬೇಕು, ಬೆನ್ನ ಹಿಂದೆ ಪ್ರಶ್ನಾರ್ಥಕ ಚಿಹ್ನೆಯ ಥರ ನೆಟ್ಟಗೆ ನಿಂತಿತ್ತು. ಕೆನ್ನೆ ಉಬ್ಬಿಸಿ, ಎರಡು ಸುತ್ತು ಕುಣಿದು, ಸಮುದ್ರ ಹಾರುವ ಪದ ಹಾಡಿದ. ಈ ಪಾತ್ರ ಮಾತೂ ಆಡುತ್ತದೆ, ಹಾಡುತ್ತದೆ ಕೂಡ. ಪಾಳಿ ಇಲ್ಲ. ಟಿಕೆಟ್ ಇಲ್ಲ. ಮನೆಗೇ ಬರುತ್ತದೆ.

"ಮುಂದ ಹೋಗಪಾ" ಅಂದರು ಕಾಕಾ, ಪುಸ್ತಕದಿಂದ ತಲೆ ಎತ್ತದೆ. "ಚಿಲ್ಲರ ಇಲ್ಲ."

ಲಂಕೆಗೇ ಹಾರಿದವನು ಇಷ್ಟಕ್ಕೆ ಹಿಂದೆ ಸರಿಯುತ್ತಾನೆಯೇ? "ಚಿಲ್ಲರ ಬ್ಯಾಡ್ರಿ ಸಾಹೇಬ್ರ" ಅಂತ ಗದೆ ತಿರುಗಿಸಿ ತೋರಿಸಿದ. ಗದೆಯ ಗುಂಡಿಗೆ ಕ್ಯೂಆರ್ ಕೋಡ್ ಅಂಟಿಸಿದ್ದ.

ಕಾಕು ಒಳಗಿನಿಂದ, "ಹಾಕ್ರೆಲಾ, ಇಲೀಗೆ ಅಷ್ಟು ಹಾಕಿ ಬಂದೀರಿ" ಅಂದರು. ಕಾಕಾ 51 ರೂಪಾಯಿ ಹಾಕಿದರು. ಟಣ್ ಅಂತ ಸದ್ದು ಬಂದ ಮೇಲೆ ಹನುಮಂತ ಹೆಗಲ ಚೀಲದಿಂದ ಒಂದು ಉದ್ದನೆಯ ಪುಸ್ತಕ ತೆಗೆದ. ಅದರಲ್ಲಿ ಊರೂರಿನವರ ಹೆಸರು, ಕೊಟ್ಟ ಮೊತ್ತ, ಎದುರಿಗೆ ಒಂದೊಂದು ಸಹಿ.

"ಇಲ್ಲೊಂದು ಸಹಿ ಮಾಡ್ರಿ ಸಾಹೇಬ್ರ."

ನನಗೆ ನಗು ತಡೆಯಲಿಲ್ಲ. ಕಾಕಾ ನನ್ನನ್ನು ಗುರಾಯಿಸಿ ನೋಡಿ, ಪುಸ್ತಕ ಇಸಿದುಕೊಂಡರು. 51 ಅಂತ ಬರೆದು, ಹಿಂದೆ ಮುಂದೆ ಸೊನ್ನೆ ಸೇರದ ಹಾಗೆ ಗೀಟು ಎಳೆದು, "ಐವತ್ತೊಂದು ರೂಪಾಯಿ ಮಾತ್ರ" ಅಂತ ಅಕ್ಷರದಲ್ಲಿ ಬರೆದು, ಸಹಿ ಮಾಡಿದರು. ಪುಸ್ತಕ ವಾಪಸ್ ಕೊಡಬೇಕು ಅನ್ನುವಷ್ಟರಲ್ಲಿ ಕಣ್ಣು ಮೇಲಿನ ಸಾಲಿಗೆ ಹೋಯಿತು. ಭೂತಗನ್ನಡಿ ತೆಗೆದುಕೊಂಡರು.

"ಏಯ್. ಇದು ನಮ್ಮ ಬಾಜೂ ಮನಿ ವಕೀಲರ ಸಹಿ ಅಲ್ಲ."

ಹನುಮಂತನ ಕೆನ್ನೆ ಇಳಿಯಿತು. "ಅವರು ಝಳಕಕ್ಕ ಹೋಗಿದ್ರು ಸಾಹೇಬ್ರ. ಅವರ ಮನಿಯವರು ಮಾಡ್ಯಾರ್ರಿ."

"ಒಬ್ಬರ ಸಹಿ ಇನ್ನೊಬ್ಬರು ಮಾಡೂದಂದ್ರ ಏನು? ಆಟ ಅಂತ ತಿಳದೀರೇನು?" ಕಾಕಾ ಎದ್ದು ನಿಂತರು. ಸ್ವಲ್ಪ ಯೋಚನೆ ಮಾಡಿದರು. "ಮಾಡಿದ್ರೂ ಹೆಂಗ ಮಾಡಬೇಕು ಅಂತ ತೋರಸ್ತೀನಿ. ಒಳಗ ಬಾ. ಮೊದಲ ಕೈ ತೊಳ್ಕೊಂಡು ಬಾ."

ಹನುಮಂತ ಗದೆಯನ್ನು ನನ್ನ ಕೈಗೆ ಕೊಟ್ಟು, ಬಾಲ ಬಾಗಿಲಿಗೆ ಸಿಗದ ಹಾಗೆ ಎತ್ತಿ ಹಿಡಿದುಕೊಂಡು, ನಲ್ಲಿಯ ಕಡೆಗೆ ಹೋದ.