ಹೊಸ ತೆನೆಯ ಹಬ್ಬ

ದೇವರಿಗೆ ಕೃತಜ್ಞತೆ ಹೇಳಲು ಭಾನುವಾರದ ಪೂಜೆಗೇ ಕಾಯಬೇಕಿಲ್ಲ, ಅಡುಗೆಮನೆಯಲ್ಲೂ ಹೇಳಬಹುದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪುತ್ತೇನೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಾದ ನಮಗೆ ಇದನ್ನು ಕಲಿಸಿದ್ದೇ ಮೊಂತಿ ಹಬ್ಬ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ತರುತ್ತಾರೆ. ದಾಸವಾಳ, ಡೇರೆ, ಬೇಲಿ ಬದಿಯ ಕಾಡು ಹೂ, ಯಾವುದಾದರೂ ಸೈ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ.

ಮನೆಗೆ ತಂದ ತೆನೆಯನ್ನು ಅಲ್ತಾರ್ (ಮನೆಯ ಪ್ರಾರ್ಥನಾ ಪೀಠ) ಮುಂದಿಟ್ಟು ಪ್ರಾರ್ಥನೆ. ಆಮೇಲೆ ಅಮ್ಮ ಕಾಳಿನ ಸಿಪ್ಪೆಯನ್ನು ಉಗುರಿನಲ್ಲೇ ಬಿಡಿಸಿ, ಜಜ್ಜಿ, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸುತ್ತಿದ್ದರು. ಹಿರಿಯರಿಂದ ಶುರು, ಒಬ್ಬೊಬ್ಬರಿಗೆ ಒಂದೆರಡು ಗುಟುಕು ಅಷ್ಟೇ. ಮೀನಿಲ್ಲದೆ ಅನ್ನ ಇಳಿಯದ ನಮ್ಮ ಮನೆಯಲ್ಲೂ ಅವತ್ತು ಪೂರ್ತಿ ತರಕಾರಿ ಊಟ! ಈಗ ಗದ್ದೆ ಇರುವವರೇ ಕಡಿಮೆ. ಆದರೂ ದುಬೈ, ಕುವೈತ್‌ನಲ್ಲಿರುವ ಮಕ್ಕಳಿಗೆ ಊರಿನಿಂದ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ. ಸುಮ್ನೆ ಸಂಪ್ರದಾಯ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಕೃತಜ್ಞತೆ ಹೇಳಬೇಕಾದ ಸಂಗತಿಗಳನ್ನು ದಿನಾ ರಾತ್ರಿ ಪಟ್ಟಿ ಮಾಡಿ ಬರೆಯುವ ನಿಮ್ಮ ಉಪಾಯ ಮಾತ್ರ ಅಷ್ಟಾಗಿ ಹಿಡಿಸಲಿಲ್ಲ. ಪಟ್ಟಿಯಲ್ಲಿ ನಮಗೆ ಸಿಕ್ಕಿದ್ದೇ ಜಾಸ್ತಿ ಇರುತ್ತದೆ. ಬೆಳೆದವರು, ಹೊತ್ತು ತಂದವರು ಬರುವುದು ಅಪರೂಪ, ಅಲ್ವಾ? ಅಪ್ಪ ಊಟದ ಮುಂಚಿನ ಪ್ರಾರ್ಥನೆಯಲ್ಲಿ ಗದ್ದೆ ಕೆಲಸಕ್ಕೆ ಬಂದವರ ಹೆಸರು ಹೇಳುತ್ತಿದ್ದರು. ನಮ್ಮ ಫ್ಲ್ಯಾಟಿನಲ್ಲಿ ಈಗ ಆ ಜಾಗಕ್ಕೆ ಹಾಲು ಹಾಕುವವರು, ಗ್ಯಾಸ್ ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತುವ ಹುಡುಗ ಬಂದಿದ್ದಾರೆ.