ಅಮೆಜಾನ್ ರಾಜಕುಮಾರಿಗೆ ಹೆಣ್ಣು ನೋಡುವ ಶಾಸ್ತ್ರ

ಒಂದು ಹುಡುಗಿ ಇದ್ದಾಳೆ. ಎತ್ತರ ಇದ್ದಾಳೆ, ಲಕ್ಷಣವಾಗಿದ್ದಾಳೆ. ರಾಜಮನೆತನ. ಅಮ್ಮ ಅಮೆಜಾನರು ಎಂಬ ವೀರ ಹೆಂಗಸರ ದ್ವೀಪಕ್ಕೇ ರಾಣಿ. ಓಡಾಡೋಕೆ ಸ್ವಂತ ವಿಮಾನ. ಗುಣವಂತೂ ಅಪರಂಜಿ, ಸುಳ್ಳು ಹೇಳುವವರನ್ನು ಹಗ್ಗದಲ್ಲಿ ಕಟ್ಟಿ ನಿಜ ಬಾಯಿ ಬಿಡಿಸುತ್ತಾಳೆ. ಇಷ್ಟೆಲ್ಲ ಇದ್ದೂ ಏನು ಪ್ರಯೋಜನ? ಅಮೆರಿಕದ ಟೀವಿ ಚಾನೆಲ್ಲಿನವರು ಒಬ್ಬರಾದ ಮೇಲೊಬ್ಬರು ಬರುತ್ತಾರೆ. ನೋಡುತ್ತಾರೆ. ಉಪ್ಪಿಟ್ಟು, ಕೇಸರಿಬಾತು ತಿಂದು ಕೈ ತೊಳೆದುಕೊಳ್ಳುತ್ತಾರೆ. "ಊರಿಗೆ ಹೋಗಿ ಕಾಗದ ಬರೀತೀವಿ" ಅಂತ ಎದ್ದು ಹೋಗುತ್ತಾರೆ.

ಹುಡುಗಿ ಹೆಸರು ಡಯಾನಾ. ಜನ ಕರೆಯೋದು ವಂಡರ್ ವುಮನ್ ಅಂತ.

ಹುಟ್ಟಿದ್ದು 1941ರಲ್ಲಿ, ಕಾಮಿಕ್ ಪುಸ್ತಕದ ಪುಟದಲ್ಲಿ. ಕಥೆ ಬರೆದವರು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ. ರಕ್ತದೊತ್ತಡ ನೋಡಿ ಸುಳ್ಳು ಪತ್ತೆ ಮಾಡುವ ಪರೀಕ್ಷೆ ಕಂಡುಹಿಡಿದವರೂ ಇವರೇ. ಹಾಗಾಗಿ ನಾಯಕಿಯ ಸೊಂಟಕ್ಕೆ ಮಾಯದ ಹಗ್ಗ ಬಂದದ್ದು ಆಶ್ಚರ್ಯವೇನಲ್ಲ. ಕೈಗೆ ಬಂದದ್ದು ಬಳೆ. ಮಾರ್ಸ್ಟನ್ ಮನೆಯಲ್ಲೇ ಇದ್ದ ಆಲಿವ್ ಬರ್ನ್ ಎಂಬಾಕೆ ದಪ್ಪ ದಪ್ಪ ಬಳೆ ಹಾಕುತ್ತಿದ್ದರಂತೆ, ಅವೇ ಮಾದರಿ. ನಮ್ಮಲ್ಲಿ "ನಾನೇನು ಕೈಗೆ ಬಳೆ ತೊಟ್ಟುಕೊಂಡಿಲ್ಲ" ಅಂತ ಮೀಸೆ ತಿರುವುವವರು ಇದ್ದಾರಲ್ಲ, ಅವರಿಗೆ ಈ ಬಳೆ ಒಂದು ಸಲ ತೋರಿಸಬೇಕು. ಗುಂಡು ಹಾರಿಸಿದರೆ ಟಣ್ ಅಂತ ಬಡಿದು ವಾಪಸ್ ಹೋಗುತ್ತದೆ.

ಅಂಥವಳನ್ನು 1942ರಲ್ಲಿ ಸೂಪರ್‌ಹೀರೋಗಳ ಸಂಘಕ್ಕೆ ಸೇರಿಸಿಕೊಂಡರು. ಸಂಘದಲ್ಲಿ ಇದ್ದವರೆಲ್ಲ ಗಂಡಸರು. ಇವಳಿಗೆ ಕೊಟ್ಟ ಹುದ್ದೆ ಕಾರ್ಯದರ್ಶಿ. ಹಾರ ಹಾಕಿಸಿಕೊಳ್ಳುವ ಪ್ರಧಾನ ಕಾರ್ಯದರ್ಶಿ ಅಲ್ಲ, ನಡಾವಳಿ ಬರೆಯುವ ಕಾರ್ಯದರ್ಶಿ. ಗಂಡಸರು ಯುದ್ಧಕ್ಕೆ ಹೊರಟರೆ ಇವಳು ಪುಸ್ತಕ ಹಿಡಿದು ಆಫೀಸಿನಲ್ಲಿ ಕೂರಬೇಕು. ಆಗಲೇ ಗೊತ್ತಾಗಬೇಕಿತ್ತು ಇವಳ ಜಾತಕ.

ಮೊದಲ ಗಂಡು ಬಂದದ್ದು 1967ರಲ್ಲಿ. ವಿಲಿಯಂ ಡೋಝಿಯರ್ ಅನ್ನುವ ನಿರ್ಮಾಪಕ. ಅವರ ಬ್ಯಾಟ್‌ಮ್ಯಾನ್ ಧಾರಾವಾಹಿ ಆಗ ಮನೆಮನೆಗೂ ಗೊತ್ತು. ವಂಡರ್ ವುಮನ್‌ನೂ ಹಾಗೇ ತಮಾಷೆಯಾಗಿ ಮಾಡೋಣ ಅಂತ ಸುಮಾರು ಐದು ನಿಮಿಷದ ಸ್ಯಾಂಪಲ್ ತೆಗೆದರು. ಅದರಲ್ಲಿ ಡಯಾನಾ ಅಮ್ಮನ ಜೊತೆ ಇರುತ್ತಾಳೆ. ಅಮ್ಮ ಅಂದರೆ ಅಮೆಜಾನರ ರಾಣಿ ಅಂದುಕೊಂಡಿರಾ? ಅಲ್ಲ. ಮಗಳಿಗೆ ಇನ್ನೂ ಮದುವೆ ಆಗಿಲ್ಲವಲ್ಲ ಅಂತ ಕೊರಗುವ, ಬಸವನಗುಡಿಯಲ್ಲೋ ಮೈಸೂರಿನ ಅಗ್ರಹಾರದಲ್ಲೋ ನೀವು ಎಷ್ಟೋ ಸಲ ನೋಡಿರುವ ಅಮ್ಮ. ಮಗಳು ಡ್ರೆಸ್ ಬದಲಾಯಿಸಿ ಕನ್ನಡಿ ಮುಂದೆ ನಿಲ್ಲುತ್ತಾಳೆ. ಕನ್ನಡಿಯೊಳಗೆ ಬೇರೆ ಯಾರೋ ಸುಂದರಿ ನಿಂತಿದ್ದಾಳೆ. ನಿಜವಾಗಿಯೂ ಬೇರೆಯವರೇ, ಆ ಪಾತ್ರಕ್ಕೆ ಇನ್ನೊಬ್ಬ ನಟಿ. ಜೋಕು ಏನಪ್ಪಾ ಅಂದರೆ, ಹುಡುಗಿ ತಾನು ಚೆಲುವೆ ಅಂದುಕೊಂಡಿದ್ದಾಳೆ. ಅಷ್ಟೇ ಜೋಕು. ಗುಡುಗಿಗೂ ಹೆದರದವಳನ್ನು ಕನ್ನಡಿ ಮುಂದೆ ನಿಲ್ಲಿಸಿ ನಕ್ಕರು. ಅದು ಪ್ರಸಾರವೇ ಆಗಲಿಲ್ಲ. ಆ ಮಟ್ಟಿಗೆ ದೇವರು ದೊಡ್ಡವನು.

ಟೀವಿಯವರನ್ನು ಮಾತ್ರ ಬೈದರೆ ಅನ್ಯಾಯ. ಮರುವರ್ಷ, 1968ರಲ್ಲಿ, ಕಾಮಿಕ್ ಪುಸ್ತಕದವರೇ ಅವಳ ಶಕ್ತಿಯನ್ನೆಲ್ಲ ಕಿತ್ತುಕೊಂಡು ಒಂದು ಬಟ್ಟೆ ಅಂಗಡಿ ಹಾಕಿಕೊಟ್ಟರು. ಆಧುನಿಕ ಮಹಿಳೆ ಅಂದರೆ ಹೀಗಿರಬೇಕಂತೆ. ಹಗ್ಗ ಹೋಯಿತು, ವಿಮಾನ ಹೋಯಿತು, ಹ್ಯಾಂಗರ್ ಬಂತು. 1972ರಲ್ಲಿ ಅಮೆರಿಕದ ಮಿಜ್ (Ms.) ಎಂಬ ಮಹಿಳಾ ಪತ್ರಿಕೆ ಹಳೆಯ ವಂಡರ್ ವುಮನ್‌ಳನ್ನೇ ಮುಖಪುಟಕ್ಕೆ ಹಾಕಿ, ಇವಳನ್ನು ಅಧ್ಯಕ್ಷೆ ಮಾಡಿ ಅಂತ ಬರೆಯಿತು. ಮರುವರ್ಷ ಶಕ್ತಿ ವಾಪಸ್ ಬಂತು. ಅಂಗಡಿಯ ಸ್ಟಾಕ್ ಏನಾಯಿತೋ ತಿಳಿಯದು.

1974ರಲ್ಲಿ ಎಬಿಸಿ ಚಾನೆಲ್ ಒಂದು ಟೀವಿ ಸಿನಿಮಾ ತೆಗೆಯಿತು. ನಾಯಕಿ ಕ್ಯಾಥಿ ಲೀ ಕ್ರಾಸ್ಬಿ, ಟೆನಿಸ್ ಆಡುತ್ತಿದ್ದವರು. ಕಪ್ಪು ಕೂದಲಿನ ಡಯಾನಾಗೆ ಇಲ್ಲಿ ಹೊಂಬಣ್ಣದ ಕೂದಲು. ಅತಿಮಾನುಷ ಶಕ್ತಿ ಇಲ್ಲ. ಹಳೆಯ ಡ್ರೆಸ್ಸೂ ಇಲ್ಲ. ಮಸಾಲೆ ದೋಸೆ ಕೇಳಿದವರಿಗೆ ಬ್ರೆಡ್ಡಿನ ಮೇಲೆ ಚಟ್ನಿ ಸವರಿ ಕೊಟ್ಟು, ಇದೇ ಹೊಸ ರೀತಿಯ ಮಸಾಲೆ ದೋಸೆ ಅಂದ ಹಾಗೆ.

ಅದೇ ಎಬಿಸಿ 1975ರಲ್ಲಿ ಮತ್ತೆ ಬಂತು. ಈ ಸಲ ಇಟ್ಟ ಹೆಸರು 'ದಿ ನ್ಯೂ ಒರಿಜಿನಲ್ ವಂಡರ್ ವುಮನ್'. ನ್ಯೂ, ಮೇಲೆ ಒರಿಜಿನಲ್. ನಮ್ಮ ಚಿಕ್ಕಪೇಟೆ ಬೋರ್ಡುಗಳಲ್ಲಿ ಮಾತ್ರ ಇಂಥದ್ದು ಸಿಗುತ್ತದೆ ಅಂದುಕೊಂಡಿದ್ದೆ. ಆದರೆ ಹೇಳಬೇಕಾದ್ದನ್ನು ಹೇಳಬೇಕು: ಇದು ಗೆದ್ದಿತು. ಯಾಕೆ ಗೆದ್ದಿತು ಅಂದರೆ ಹೆಚ್ಚೇನೂ ಕಿತಾಪತಿ ಮಾಡಲಿಲ್ಲ. ಕಾಮಿಕ್ಕಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಇಟ್ಟರು. ಎರಡನೇ ಮಹಾಯುದ್ಧ, ನಾಜಿಗಳು, ಬಳೆ, ಹಗ್ಗ. ಲಿಂಡಾ ಕಾರ್ಟರ್ ಎಂಬ ನಟಿ ಅದನ್ನೆಲ್ಲ ಗಂಭೀರವಾಗಿ ತೆಗೆದುಕೊಂಡು ಮಾಡಿದರು. ಡ್ರೆಸ್ ಬದಲಾಗುವುದನ್ನು ತೆರೆಯ ಮೇಲೆ ಹೇಗೆ ತೋರಿಸೋದು ಅಂತ ತಂಡ ತಲೆ ಕೆರೆದುಕೊಳ್ಳುವಾಗ, ಗಿರ್ರನೆ ಸುತ್ತಿದರೆ ಹೇಗೆ ಅಂದವರು ಅವರೇ. ಕೈ ಎರಡೂ ಚಾಚಿ ಸುತ್ತುತ್ತಾರೆ, ಫಳ್ ಅಂತ ಬೆಳಕು, ಗುಮಾಸ್ತೆ ಹೋಗಿ ರಾಜಕುಮಾರಿ. ಆ ಕಾಲದ ಎಷ್ಟು ಮಕ್ಕಳು ಮನೆಯ ನಡುವೆ ಹಾಗೆ ಸುತ್ತಿ ತಲೆ ತಿರುಗಿ ಬಿದ್ದವೋ!

ವಿಮಾನ ಮಾತ್ರ ಸ್ವಲ್ಪ ಮುಜುಗರ. ಯಾರಿಗೂ ಕಾಣದ ವಿಮಾನ ಅದು. ಒಳಗೆ ಕೂತವಳು ಮಾತ್ರ ಚೆನ್ನಾಗಿ ಕಾಣುತ್ತಾಳೆ.

ಗೆದ್ದದ್ದನ್ನು ಸುಮ್ನೆ ಬಿಡುತ್ತಾರಾ? ಮೊದಲ ಸೀಸನ್ ಮುಗಿದ ಮೇಲೆ ಎಬಿಸಿ ಮೀನಮೇಷ ಎಣಿಸಿತು. ಹಳೇ ಕಾಲದ ಕಾರು, ಸಮವಸ್ತ್ರ, ಸೆಟ್ಟು ಎಲ್ಲಕ್ಕೂ ದುಡ್ಡು ಜಾಸ್ತಿ. 1977ರಲ್ಲಿ ಸಿಬಿಎಸ್ ಚಾನೆಲ್ ಹುಡುಗಿಯನ್ನು ಕರೆದುಕೊಂಡು ಹೋಗಿ ಕಥೆಯನ್ನು 1970ರ ದಶಕಕ್ಕೆ ತಂದಿಟ್ಟಿತು. ಡಯಾನಾ ಅಮರಳು, ಅವಳಿಗೆ ವಯಸ್ಸಾಗಲ್ಲ, ಸರಿ. ಅವಳ ಜೊತೆಗಾರ ಮೇಜರ್ ಸ್ಟೀವ್ ಟ್ರೆವರ್ ಏನಾಗಬೇಕು? ಅಪ್ಪ ತೀರಿಕೊಂಡರು, ಮಗ ಬಂದರು ಅಂದುಬಿಟ್ಟರು. ಮಗನ ಹೆಸರೂ ಸ್ಟೀವ್ ಟ್ರೆವರ್. ನಟ ಲೈಲ್ ವ್ಯಾಗನರ್ ಒಬ್ಬರೇ. ಮುಖ ಅದೇ, ಕ್ರಾಪು ಹೆಚ್ಚುಕಡಿಮೆ ಅದೇ. ಡಯಾನಾ ಹುಬ್ಬು ಕೂಡ ಏರಿಸಲಿಲ್ಲ. ಹಗ್ಗ ಸೊಂಟದಲ್ಲೇ ಇತ್ತು, ಒಂದು ಸುತ್ತು ಹಾಕಿ "ನಿಜ ಹೇಳಪ್ಪ, ನೀನು ಅಪ್ಪನೋ ಮಗನೋ" ಅಂತ ಕೇಳಬಹುದಿತ್ತು.

1979ರಲ್ಲಿ ಅದೂ ನಿಂತಿತು. ಮುಂದೆ ಮೂವತ್ತು ವರ್ಷ ಮನೆ ಮುಂದೆ ರಂಗೋಲಿ ಹಾಕಿದ್ದೇ ಬಂತು.

ಈಗ ಪ್ಯಾಂಟಿನ ವಿಷಯಕ್ಕೆ ಬರೋಣ. ನನ್ನ ಪ್ರಕಾರ ಇಪ್ಪತ್ತೊಂದನೇ ಶತಮಾನದ ದೊಡ್ಡ ಜಿಜ್ಞಾಸೆಗಳಲ್ಲಿ ಇದೂ ಒಂದು.

2010ರಲ್ಲಿ ಕಾಮಿಕ್ಕಿನವರು ಅವಳಿಗೆ ಪ್ಯಾಂಟು ತೊಡಿಸಿ ಮೇಲೊಂದು ಜಾಕೆಟ್ ಹಾಕಿದರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಸುದ್ದಿ ಮಾಡಿತು. ಮರುವರ್ಷ ಪುಸ್ತಕಗಳನ್ನೆಲ್ಲ ಒಂದನೇ ಸಂಚಿಕೆಯಿಂದ ಹೊಸದಾಗಿ ಶುರು ಮಾಡುವಾಗ ಮುಖಪುಟದಲ್ಲಿ ಮೊದಲು ಪ್ಯಾಂಟು ಇತ್ತು. ಆಮೇಲೆ ಅದೇ ಚಿತ್ರದಲ್ಲಿ ಪ್ಯಾಂಟು ಅಳಿಸಿ ಕಾಲಿನ ಬಣ್ಣ ತುಂಬಿದರು. ಯಾರೋ ಒಬ್ಬ ಬಡಪಾಯಿ ಕಂಪ್ಯೂಟರ್ ಮುಂದೆ ಕೂತು ಆ ಕೆಲಸ ಮಾಡಿರಬೇಕು. ಸಂಜೆ ಮನೆಗೆ ಹೋದಾಗ ಹೆಂಡತಿ "ಇವತ್ತು ಆಫೀಸಲ್ಲಿ ಏನ್ರೀ ಕೆಲಸ" ಅಂತ ಕೇಳಿದರೆ ಏನು ಹೇಳಿರಬಹುದು?

ಅದೇ 2011ರಲ್ಲಿ ಎನ್‌ಬಿಸಿ ಚಾನೆಲ್ ಹೆಣ್ಣು ನೋಡಲು ಬಂತು. ಬರೆದವರು ಡೇವಿಡ್ ಇ. ಕೆಲ್ಲಿ, ಕೋರ್ಟು ಕಚೇರಿಯ ಧಾರಾವಾಹಿಗಳಿಗೆ ಹೆಸರಾದವರು. ನಾಯಕಿ ಏಡ್ರಿಯಾನ್ ಪಾಲಿಕಿ. ಮಾರ್ಚ್ ತಿಂಗಳಲ್ಲಿ ಮೊದಲ ಫೋಟೋ ಬಿಟ್ಟರು. ನೀಲಿ ಪ್ಯಾಂಟು, ನೀಲಿ ಬೂಟು. ಆ ಪ್ಯಾಂಟಿನ ಹೊಳಪು ಹೇಗಿತ್ತು ಅಂದರೆ, ಮಳೆಗಾಲದಲ್ಲಿ ಸ್ಕೂಟರಿಗೆ ಹೊದಿಸುವ ಕವರನ್ನೇ ಕತ್ತರಿಸಿ ಹೊಲಿದ ಹಾಗೆ. ಜನ ಮುಗಿಬಿದ್ದರು. ಪ್ಯಾಂಟು ಯಾಕೆ ಅಂದರು ಕೆಲವರು. ಇಷ್ಟು ಮಿಂಚೋ ಪ್ಯಾಂಟು ಯಾಕೆ ಅಂದರು ಇನ್ನು ಕೆಲವರು. ಕೆಲವೇ ದಿನಗಳಲ್ಲಿ ಬೀದಿಯಲ್ಲಿ ಶೂಟಿಂಗ್ ನಡೆದಾಗ ನೋಡಿದರೆ ಬೂಟು ಕೆಂಪಾಗಿತ್ತು, ಪ್ಯಾಂಟಿನ ಮಿಂಚು ಇಳಿದಿತ್ತು. ಅಣೆಕಟ್ಟಿನ ಎತ್ತರಕ್ಕೂ ಇಷ್ಟು ಬೇಗ ತೀರ್ಮಾನ ಆಗಲ್ಲ.

ಆ ಸ್ಯಾಂಪಲ್ ಕಂತಿನ ಕಥೆ? ಅದನ್ನೂ ಕೇಳಿ. ಡಯಾನಾ ಲಾಸ್ ಏಂಜಲೀಸಿನಲ್ಲಿ ದೊಡ್ಡ ಕಂಪನಿಯ ಮಾಲೀಕಳು. ತನ್ನದೇ ಗೊಂಬೆ ಮಾರಿ, ಬಂದ ದುಡ್ಡಿನಲ್ಲಿ ಕಳ್ಳರನ್ನು ಹಿಡಿಯುತ್ತಾಳೆ. ಮೀಟಿಂಗಿನಲ್ಲಿ ಕೂತು ಗೊಂಬೆಯ ಎದೆ ಇಷ್ಟು ದೊಡ್ಡದು ಯಾಕೆ ಅಂತ ಸಿಬ್ಬಂದಿಗೆ ಬೈಯುತ್ತಾಳೆ. ಒಳ್ಳೇ ಪ್ರಶ್ನೆ. ಅದೇ ಕಂತಿನಲ್ಲಿ ಅವಳಿಗೆ ತೊಡಿಸಿದ ಕೆಂಪು ಕುಪ್ಪಸ ನೋಡಿದರೆ, ಗೊಂಬೆಯೇ ಎದ್ದು ಬಂದು "ಅಕ್ಕಾ, ನೀನು ಹೇಳ್ತೀಯಾ?" ಅಂತ ಕೇಳೋ ಹಾಗಿದೆ. ಗುಟ್ಟಾಗಿ ಇನ್ನೊಂದು ಬದುಕೂ ಇದೆ. ಅಲ್ಲಿ ಕನ್ನಡಕ ಹಾಕಿಕೊಂಡು ಬೆಕ್ಕಿನ ಜೊತೆ ಒಬ್ಬಳೇ ಇರುತ್ತಾಳೆ, ಪಾಪ. ಅಂದರೆ 1967ರ ಅಮ್ಮನ ಕೊರಗು 2011ರವರೆಗೂ ಮುಗಿದಿಲ್ಲ. ಅಮ್ಮನ ಜಾಗದಲ್ಲಿ ಬೆಕ್ಕು ಬಂದಿದೆ ಅಷ್ಟೇ.

ಮೇ ತಿಂಗಳಲ್ಲಿ ಎನ್‌ಬಿಸಿ ಕಾಗದ ಬರೆಯಿತು. ಹುಡುಗಿ ಬೇಡ.

ನನಗೊಂದು ಆಸೆ. ಇಂಥ ಯಾವುದಾದರೂ ಮೀಟಿಂಗಿಗೆ ಆ ಹಗ್ಗ ತೆಗೆದುಕೊಂಡು ಹೋಗಬೇಕು. ಯಾವ ಚಾನೆಲ್ಲಾದರೂ ಸರಿ. ಗಾಜಿನ ಕೋಣೆ, ಉದ್ದದ ಮೇಜು, ಆರಿದ ಕಾಫಿ. ದೊಡ್ಡ ಸಾಹೇಬರ ರಟ್ಟೆಗೆ ಮೆಲ್ಲಗೆ ಹಗ್ಗ ಸುತ್ತಬೇಕು.

"ಸಾರ್, ಈ ಹುಡುಗಿ ಕಥೆ ಯಾಕೆ ಕಷ್ಟ?"

"ಪ್ರೇಕ್ಷಕರಿಗೆ ಅವಳ ಜೊತೆ ಒಂದು ಕನೆಕ್ಷನ್..." ಹಗ್ಗ ಬಿಗಿಯುತ್ತದೆ. "ಅಯ್ಯೋ, ನಾನು ಕಾಮಿಕ್ಕೇ ಓದಿಲ್ಲಪ್ಪ."

"ಮತ್ತೆ ಇಷ್ಟು ದಿನ ಏನು ಚರ್ಚೆ ಮಾಡಿದಿರಿ?"

"ಬೂಟು."

"ಬೂಟು ಬಿಟ್ಟು?"

"ಬೂಟಿನ ಬಣ್ಣ."

ಎನ್‌ಬಿಸಿ ಹೋದ ಮೇಲೆ ಸಿಡಬ್ಲ್ಯೂ ಎಂಬ ಚಾನೆಲ್ ಬಂತು. 'ಅಮೆಜಾನ್' ಅನ್ನೋ ಹೆಸರಿನಲ್ಲಿ ಅವಳ ಹರೆಯದ ಕಥೆ ಮಾಡುತ್ತೇವೆ ಅಂದರು. ಸ್ಕ್ರಿಪ್ಟು ಬರೆಸಿದರು, ತಿದ್ದಿಸಿದರು, ಕೊನೆಗೆ ಕೈಬಿಟ್ಟರು. ಅಷ್ಟರಲ್ಲಿ ಅದೇ ಚಾನೆಲ್ಲಿನಲ್ಲಿ ಹಸಿರು ಟೋಪಿ ಹಾಕಿ ಬಿಲ್ಲು ಬಾಣ ಹಿಡಿದವನ 'ಆ್ಯರೋ' ಶುರುವಾಗಿ ಎಂಟು ಸೀಸನ್ ಓಡಿತು. ಜೋರಾಗಿ ಓಡುವುದೇ ಕಸುಬಾಗಿರುವ ಫ್ಲ್ಯಾಶ್‌ಗೆ ಒಂಬತ್ತು ಸೀಸನ್. ಅವರ ಪ್ಯಾಂಟಿನ ಬಗ್ಗೆ ಪತ್ರಿಕೆಗಳು ಇಷ್ಟು ತಲೆಕೆಡಿಸಿಕೊಂಡದ್ದನ್ನು ನಾನು ಕಾಣೆ.

ಹೆಂಗಸರಿಗೆ ಅವಕಾಶವೇ ಇಲ್ಲ ಅಂದರೂ ತಪ್ಪಾಗುತ್ತದೆ. ಸೂಪರ್‌ಗರ್ಲ್ 2015ರಿಂದ ಆರು ಸೀಸನ್ ಬಂದಳು. ಬ್ಯಾಟ್‌ವುಮನ್ 2019ರಿಂದ ಮೂರು ಸೀಸನ್. ಆದರೆ ನೆಂಟಸ್ತಿಕೆ ನೋಡಿ. ಸೂಪರ್‌ಗರ್ಲ್ ಅಂದರೆ ಸೂಪರ್‌ಮ್ಯಾನ್‌ನ ಚಿಕ್ಕಪ್ಪನ ಮಗಳು. ಬ್ಯಾಟ್‌ವುಮನ್ ಅಂದರೆ ಬ್ಯಾಟ್‌ಮ್ಯಾನ್‌ನ ಸೋದರಮಾವನ ಮಗಳು, ನಮ್ಮ ಕಡೆ ಆಗಿದ್ದರೆ ಅರಿಸಿನ ಕುಂಕುಮದವರೆಗೂ ಮಾತು ಹೋಗುತ್ತಿತ್ತು. ಡಯಾನಾಗೆ ಅಂಥ ಅಣ್ಣ, ಭಾವ ಯಾರೂ ಇಲ್ಲ. ಅವಳ ಊರಲ್ಲಿ ಗಂಡಸರೇ ಇಲ್ಲ. ಶಿಫಾರಸು ಮಾಡುವವರು ಯಾರು?

ಇನ್ನೂ ಇದೆ. 2018ರಲ್ಲಿ ಸೂಪರ್‌ಮ್ಯಾನ್‌ನ ತಾತನ ಮೇಲೆ ಒಂದು ಧಾರಾವಾಹಿ ಬಂತು, ಎರಡು ಸೀಸನ್. 2019ರಲ್ಲಿ ಬ್ಯಾಟ್‌ಮ್ಯಾನ್ ಮನೆಯ ಕೆಲಸದಾತ ಆಲ್‌ಫ್ರೆಡ್ ಮೇಲೆ ಇನ್ನೊಂದು, ಮೂರು ಸೀಸನ್. ಆಲ್‌ಫ್ರೆಡ್ ಬಗ್ಗೆ ನನಗೆ ಗೌರವವಿದೆ, ಒಳ್ಳೇ ಮನುಷ್ಯ, ಟೀ ಚೆನ್ನಾಗಿ ಮಾಡುತ್ತಾನೆ. ಆದರೆ ಯಜಮಾನನ ಕೋಟು ಇಸ್ತ್ರಿ ಮಾಡುವವನಿಗೆ ಮೂರು ಸೀಸನ್ ಕಥೆ ಹೊಳೆಯುತ್ತದೆ, ದೇವತೆಗಳ ಜೊತೆ ಬೆಳೆದವಳಿಗೆ ಒಂದು ಕಂತಿಗೆ ಮೇಲೆ ಹೊಳೆಯಲ್ಲ ಅಂದರೆ ಹೇಗೆ ನಂಬೋದು?

ಈ ನಡುವೆ 2016ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆ ಅವಳನ್ನು ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿ ಮಾಡಿತು. ಅದೇ ತಿಂಗಳು ಮಹಾಕಾರ್ಯದರ್ಶಿ ಹುದ್ದೆಗೆ ಕಣದಲ್ಲಿದ್ದ ಏಳು ಮಹಿಳೆಯರನ್ನು ಬಿಟ್ಟು ಒಬ್ಬ ಗಂಡಸನ್ನು ಆರಿಸಿತ್ತು. ನಿಜವಾದ ಹೆಂಗಸರಿಗೆ ಇಲ್ಲ, ಚಿತ್ರದ ಹೆಂಗಸಿಗೆ ಹುದ್ದೆ. ಸಮಾರಂಭದಲ್ಲೇ ಸಿಬ್ಬಂದಿ ಎದ್ದು ಬೆನ್ನು ತಿರುಗಿಸಿ ನಿಂತರು. ಅವಳ ಡ್ರೆಸ್ ಸರಿಯಿಲ್ಲ ಅಂತ ಸೇರಿ ಹಲವು ಆಕ್ಷೇಪಗಳ ಮನವಿಗೆ ಸುಮಾರು 45 ಸಾವಿರ ಜನ ಸಹಿ ಹಾಕಿದರು. ಡಿಸೆಂಬರಿನಲ್ಲಿ ಹುದ್ದೆ ಹೋಯಿತು. ಎರಡು ತಿಂಗಳೂ ತುಂಬಲಿಲ್ಲ. ಪ್ರೊಬೇಷನರಿಗೂ ಇದಕ್ಕಿಂತ ಜಾಸ್ತಿ ಕಾಲ ಕೊಡುತ್ತಾರೆ.

2017ರಲ್ಲಿ ದೊಡ್ಡ ತೆರೆಗೆ ಬಂದಳು. ಪ್ಯಾಟಿ ಜೆಂಕಿನ್ಸ್ ನಿರ್ದೇಶನ, ಗಲ್ ಗಡೋಟ್ ನಾಯಕಿ. ಜನ ಥಿಯೇಟರಿಗೆ ನುಗ್ಗಿದರು. ಪ್ಯಾಂಟು ಇರಲಿಲ್ಲ, ಯಾರೂ ಹುಡುಕಲೂ ಇಲ್ಲ. ಕಥೆ ಇದ್ದರೆ ಹಾಗೇ.

ಅಂತೂ 2023ರ ಜನವರಿಯಲ್ಲಿ ಮತ್ತೆ ಶುಭವಾರ್ತೆ ಬಂತು. ಅವಳ ದ್ವೀಪದ ಮೇಲೆ ಹೊಸ ಟೀವಿ ಸರಣಿ ಮಾಡುತ್ತೇವೆ ಅಂತ, ಅವಳ ಕಾಮಿಕ್ಕಿನ ಪಾತ್ರಗಳ ಸಿನಿಮಾ ಮಾಡುವ ಡಿಸಿ ಸ್ಟುಡಿಯೋಸ್ ಘೋಷಿಸಿತು. ಅಮೆಜಾನರು, ಅರಮನೆ, ಒಳಜಗಳ, ಅಧಿಕಾರದ ಆಟ, ಎಲ್ಲ ಇರುತ್ತದಂತೆ. ಒಂದೇ ಒಂದು ಸಣ್ಣ ವಿಷಯ. ಇದು ಡಯಾನಾ ಹುಟ್ಟುವುದಕ್ಕೆ ಮುಂಚಿನ ಕಥೆ. ಅವಳು ಇರಲ್ಲ.

ಎಂಥ ಬುದ್ಧಿ ನೋಡಿ! ಹುಡುಗಿಯೇ ಹುಟ್ಟಿಲ್ಲ ಅಂದಮೇಲೆ ಪ್ಯಾಂಟು ಯಾವುದು, ಬೂಟು ಯಾವುದು, ಬೆಕ್ಕು ಬೇಕೋ ಬೇಡವೋ, ಯಾವ ತಂಟೆಯೂ ಇಲ್ಲ. ರಾಣಿಯಮ್ಮ ಮಾತ್ರ ಅಡುಗೆಮನೆಯಲ್ಲಿ ಮತ್ತೆ ರವೆ ಹುರಿಯಲು ಇಟ್ಟಿದ್ದಾರೆ.